ಚಾರ್ಜ್ ಪಟ್ಟಿಯಲ್ಲಿ ಬರೆಯದ ನೀರು

ಬದಲಿಯವರು ಬಂದು ಚಾರ್ಜ್ ತೆಗೆದುಕೊಳ್ಳುವ ತನಕ ಹಳಬನಿಗೆ ಬಿಡುಗಡೆ ಇಲ್ಲ. ನಾನು ಸರ್ಕಾರಿ ಫಾರ್ಮಸಿಸ್ಟ್ ಆಗಿ ಸೇರಿದ ಎಪ್ಪತ್ತರ ದಶಕದಲ್ಲಿ ಇದಕ್ಕಿಂತ ಗಟ್ಟಿಯಾದ ನಿಯಮ ಇನ್ನೊಂದು ಇರಲಿಲ್ಲ. ವರ್ಗಾವಣೆಯ ಆದೇಶ ಜೇಬಿನಲ್ಲಿದ್ದರೂ ಅದು ಬರೀ ಕಾಗದ. ಔಷಧಿಗಳನ್ನು ಒಂದೊಂದಾಗಿ ನೋಡಿ, ಪಟ್ಟಿಗೆ ಸಹಿ ಹಾಕಿ, ಬೀರುವಿನ ಬೀಗದ ಕೈ ಇಸಿದುಕೊಳ್ಳುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯನನ್ನು ನಾನು ಹೇಗೆ ಸಂಪಾದಿಸಿದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ. ಮೂರು ಕೋಣೆಯ ಔಷಧಾಲಯ, ವಾರಕ್ಕೆ ಎರಡು ದಿನ ಬರುವ ಡಾಕ್ಟರು, ಒಬ್ಬ ಅಟೆಂಡರ್, ನಾನು. ಡಾಕ್ಟರು ಬರದ ದಿನಗಳಲ್ಲಿ ಗಾಯ ಕಟ್ಟುವುದರಿಂದ ಹಿಡಿದು ಚೇಳು ಕಡಿದವರನ್ನು ನೋಡುವ ತನಕ ಎಲ್ಲ ನನ್ನದೇ. ನಾನು ಬಿ.ಫಾರ್ಮ್. ಅಪ್ಪ ಸೂಳೆಕೆರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿದ, ಅವ್ವ ಅದನ್ನು ಬುಟ್ಟಿಯಲ್ಲಿ ಹೊತ್ತು ಊರೂರು ಮಾರಿದಳು, ನಾನು ಓದಿದೆ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವರು ಮೂಗು ಮುಚ್ಚಿಕೊಂಡು ನಗುತ್ತಿದ್ದರೂ ಓದಿದೆ. ಹಾಗಾಗಿ ಸಹಿ ಮಾಡಿದಲ್ಲೆಲ್ಲ ಹೆಸರಿನ ಮುಂದೆ ಬಿ.ಫಾರ್ಮ್ ಎಂದು ಬರೆಯುತ್ತಿದ್ದೆ, ಪೋಸ್ಟ್‌ಮ್ಯಾನ್ ತಂದ ರಿಜಿಸ್ಟರ್ ಕಾಗದ ಇಸಿದುಕೊಳ್ಳುವಾಗಲೂ. ಊರಿನವರಿಗೆ ಮಾತ್ರ ನಾನು ‘ಕಂಪೌಂಡ್ರು’.

ಆ ಸೀಮೆಯಲ್ಲಿ ಮಂಡಿ, ಸೊಂಟ ಹಿಡಿದುಕೊಂಡವರೇ ಜಾಸ್ತಿ. ಅವರಿಗೆ ಸೋಡಿಯಂ ಸ್ಯಾಲಿಸಿಲೇಟನ್ನೂ ಸೋಡಾ ಬೈಕಾರ್ಬನ್ನೂ ತೂಗಿ ನೀರಿನಲ್ಲಿ ಕರಗಿಸಿ, ಸ್ವಲ್ಪ ಪೆಪ್ಪರ್‌ಮಿಂಟ್ ಸೇರಿಸಿ ಮಿಕ್ಸ್ಚರ್ ಮಾಡಿಕೊಡಬೇಕು. ‘ನೋವಿನ ನೀರು’ ಎಂದು ಅದರ ಹೆಸರು. ಜನ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಕಾಗದದ ಪಟ್ಟಿ ಮಡಿಸಿ, ಅಂಚಿನಲ್ಲಿ ಕಚ್ಚು ಕತ್ತರಿಸಿ, ಮೈದಾ ಅಂಟಿನಿಂದ ಬಾಟಲಿಗೆ ಹಚ್ಚಿಕೊಡುತ್ತಿದ್ದೆ. ಒಂದು ಕಚ್ಚು ಇಳಿಯುವಷ್ಟು ಔಷಧಿ ಒಂದು ಹೊತ್ತಿಗೆ. ಓದು ಬಾರದವರಿಗೂ ತಪ್ಪುತ್ತಿರಲಿಲ್ಲ.

ಸೇರಿದ ಹೊಸತರಲ್ಲಿ ಒಂದು ಶನಿವಾರ ಅಂಗಳದ ಕೈಪಂಪಿನ ಬೋರಿಂಗ್ ನೀರಿನಿಂದ ಅದನ್ನು ಮಾಡಿದೆ. ಮೂರು ಜನ ತೆಗೆದುಕೊಂಡು ಹೋದರು, ಮಿಕ್ಕಿದ್ದು ಜಾಡಿಯಲ್ಲಿ ಉಳಿಯಿತು. ಸೋಮವಾರ ಬಾಗಿಲು ತೆಗೆದು ನೋಡಿದರೆ ತಿಳಿನೀರಿನಂತಿದ್ದ ಔಷಧಿ ಕೆಂಪಗಾಗಿ ಕೂತಿತ್ತು. ಎರಡು ನಿಮಿಷ ಗಾಬರಿ. ಆಮೇಲೆ ಕಾಲೇಜಿನ ಟೆಸ್ಟ್‌ಟ್ಯೂಬ್ ನೆನಪಿಗೆ ಬಂತು. ಕಬ್ಬಿಣ. ಭೂಮಿಯೊಳಗಿಂದ ಎತ್ತಿದಾಗ ನೀರು ತಿಳಿಯಾಗೇ ಇರುತ್ತದೆ. ಗಾಳಿ ಆಡಿದ ಮೇಲೆ ಅದರೊಳಗಿನ ಕಬ್ಬಿಣ ಸ್ಯಾಲಿಸಿಲೇಟಿನ ಜೊತೆ ಕೂಡಿ ಬಣ್ಣ ತಿರುಗಿಸುತ್ತದೆ. ಕುಡಿದರೆ ಸಾಯುವುದಿಲ್ಲ. ಆದರೆ ಅಂಥದ್ದನ್ನು ಔಷಧಿ ಎಂದು ಯಾರ ಕೈಗೂ ಕೊಡುವ ಹಾಗಿಲ್ಲ. ಆ ಮೂವರ ಬಾಟಲಿ ತರಿಸಿಕೊಂಡು ಚೆಲ್ಲಿದೆ. ಕಾರಣ ಹೇಳಲಿಲ್ಲ.

ಮಾರನೆಯ ದಿನದಿಂದ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಎರಡು ಮೈಲಿ ಆಚೆಯ ತೋಟದ ಬಾವಿಯಿಂದ ಸೀನೀರು ತರತೊಡಗಿದೆ. ತಂದು, ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಬೇಕು. ನಾಲ್ಕು ವರ್ಷ, ಮಳೆ ಬಿಸಿಲು ನೋಡದೆ, ಇದೇ ನನ್ನ ಬೆಳಗು. ಕಚೇರಿಗೆ ಬರೆಯಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ. ಹೇಳಿದರೆ ಇದೂ ನನ್ನ ಕೆಲಸ ಎಂದು ಆಗುತ್ತದೆ, ಅಷ್ಟೇ. ನಿಜ ಹೇಳಬೇಕೆಂದರೆ, ಈ ಒಂದು ಸಂಗತಿ ಆ ಊರಿನಲ್ಲಿ ನನಗೊಬ್ಬನಿಗೇ ಗೊತ್ತು ಎನ್ನುವುದು ನನಗೆ ಹಿತವಾಗಿತ್ತು. ಕಂಪೌಂಡ್ರು ಎಂದು ಕರೆಯುವವರ ಮಧ್ಯೆ ನನ್ನ ಡಿಗ್ರಿ ಉಸಿರಾಡುತ್ತಿದ್ದುದು ಅದೊಂದರಲ್ಲೇ.

ಅಟೆಂಡರ್ ನನಗಿಂತ ಹಿರಿಯ, ಮಾತುಗಾರ. ಕ್ಯಾನು ಇಳಿಸುವಾಗ ಯಾರಾದರೂ ನೋಡುತ್ತಿದ್ದರೆ ಬಿಡುತ್ತಿರಲಿಲ್ಲ. “ನಮ್ಮ ಕಂಪೌಂಡ್ರಿಗೆ ಬೋರಿಂಗ್ ನೀರು ಗಂಟಲಾಗೆ ಇಳಿಯಲ್ಲ ಕಣ್ರಪ್ಪ. ಸೂಳೆಕೆರೆ ಮೀನು ನೋಡ್ರಿ, ಸೀನೀರೇ ಬೇಕು.” ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆ ನೀರು ನನಗಲ್ಲ, ಔಷಧಿಗೆ ಎಂದು ಅವನಿಗೂ ಬಿಡಿಸಿ ಹೇಳಲಿಲ್ಲ.

ಅಷ್ಟರಲ್ಲಿ ಮದುವೆಯಾಯಿತು. ಹೆಂಡತಿ ಚನ್ನಗಿರಿಯಲ್ಲಿ ಪ್ರೈಮರಿ ಸ್ಕೂಲ್ ಮೇಡಂ. ಎರಡು ವರ್ಷ ಅವಳು ಅಲ್ಲಿ, ನಾನು ಇಲ್ಲಿ. ಅಲೆದಾಡಿ ಅಲೆದಾಡಿ ಚನ್ನಗಿರಿ ಕಡೆಗೆ ವರ್ಗಾವಣೆ ಮಾಡಿಸಿಕೊಂಡೆ. ಮೂರು ತಿಂಗಳೊಳಗೆ ಹೋಗಿ ಸೇರದಿದ್ದರೆ ಆ ಜಾಗ ಬೇರೆಯವರ ಪಾಲು. ಡಾಕ್ಟರು ಆದೇಶ ಓದಿ ವಾಪಸ್ ಕೊಟ್ಟರು.

“ಬದಲಿ ಬರ್ಲಿ, ಅವತ್ತೇ ಬಿಡ್ತೀನಿ. ಬರದಿದ್ರೆ ಬಾಟ್ಲಿಗೆ ಪಟ್ಟಿ ಅಂಟ್ಸಾಕೆ ನಾನು ಕೂರ್ಲೇನ್ರಿ?”

ಮೊದಲನೆಯ ಬದಲಿ ಬಸ್ಸಿಳಿದು ನಾಲ್ಕೂ ಕಡೆ ನೋಡಿ, “ಊರು ಇದೇನಾ, ಇನ್ನೂ ಮುಂದೈತಾ?” ಎಂದು ಕೇಳಿದ. ಇದೇ ಎಂದೆ. ಚಾ ಕುಡಿದು ಅದೇ ಬಸ್ಸಿಗೆ ವಾಪಸ್ ಹೋದ. ಎರಡನೆಯವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನೀರಿನ ವಿಷಯ ಬಾಯಿ ಬಿಟ್ಟದ್ದು ಅದೇ ಮೊದಲು. ಅವನು ಸೈಕಲ್ಲಿನ ಕ್ಯಾನು ಮುಟ್ಟಿ ನೋಡಿ, “ನಾನು ಔಷಧಿ ಕೊಡಾಕೆ ಕಲ್ತೀನ್ರಿ, ನೀರು ಹೊರಾಕಲ್ಲ” ಅಂದ. ಮರುದಿನ ರಜೆ ಚೀಟಿ ಇಟ್ಟು ಹೋದವನು ಬರಲಿಲ್ಲ. ಯಾವುದೋ ಮೆಡಿಕಲ್ ಶಾಪಿಗೆ ಸೇರಿದನಂತೆ. ಆ ಊರಿನಲ್ಲಿ ಫಾರ್ಮಸಿಸ್ಟರು ನಿಲ್ಲುವುದಿಲ್ಲ ಎಂದು ಮೇಲಿನವರು ಆಗಾಗ ಬೇಸರ ಮಾಡಿಕೊಳ್ಳುತ್ತಿದ್ದರು. ಯಾಕೆ ನಿಲ್ಲುವುದಿಲ್ಲ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರು ತಿಂಗಳಲ್ಲಿ ಎರಡು ಮುಗಿದಿದ್ದವು. ಚನ್ನಗಿರಿಗೆ ಹೋದಾಗ ಹೆಂಡತಿ ಬಡಿಸುತ್ತಾ ಕೇಳಿದಳು, “ನೀವು ಬಂದೋರಿಗೆ ಕೆಲಸ ಒಪ್ಪಿಸ್ತೀರೋ, ಕಷ್ಟ ಒಪ್ಪಿಸ್ತೀರೋ?”

ಅವಳು ನಗೆಯಾಡಿದ್ದು. ಆ ಮಾತನ್ನು ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಮೂರನೆಯವನು ಬರುತ್ತಾನೆ ಎಂದು ತಿಳಿದ ದಿನದಿಂದ ದಿನಕ್ಕೆ ಎರಡು ಸಲ ಬಾವಿಗೆ ಹೋಗಿ ಎರಡೂ ಡ್ರಮ್ಮು ಕಂಠಮಟ್ಟ ತುಂಬಿಸಿದೆ. ಅವನು ಬರುವ ಹಿಂದಿನ ದಿನ ಕ್ಯಾನುಗಳನ್ನು ತೊಳೆದು, ಅಟ್ಟದ ಮೇಲೆ ಮೂಟೆಯ ಹಿಂದೆ ಇಟ್ಟೆ. ಸೈಕಲ್ಲಿನ ಹಗ್ಗ ಬಿಚ್ಚಿದೆ.

ಸವಳಂಗದ ಹುಡುಗ, ಡಿಪ್ಲೊಮಾ, ಮೊದಲ ನೌಕರಿ. ಆರು ತಿಂಗಳ ಹಿಂದೆ ಮದುವೆಯಾಗಿದ್ದ. ಟ್ರಂಕಿನಲ್ಲಿ ಬಟ್ಟೆಗಿಂತ ಮೇಲೆ, ಟವೆಲ್ಲಿನಲ್ಲಿ ಸುತ್ತಿ, ಗೆರೆ ಕೊರೆದ ಒಂದು ಅಳತೆ ಗ್ಲಾಸು ತಂದಿದ್ದ. “ಸರ್ಕಾರದ್ದು ಒಡೆದಿರ್ತೈತೆ ಅಂತ ಹೇಳಿದ್ರು ಸಾರ್. ಅದಕ್ಕೆ ನಂದೇ ತಂದೆ.” ಸರ್ಕಾರದ್ದು ನಿಜವಾಗಿಯೂ ಒಡೆದಿತ್ತು. ತಕ್ಕಡಿಯನ್ನು ಖಾಲಿ ಎತ್ತಿ ಮುಳ್ಳು ನೋಡಿದ, ತಟ್ಟೆ ಅದಲು ಬದಲು ಮಾಡಿ ಮತ್ತೆ ನೋಡಿದ. ಮಾತ್ರೆಗಳನ್ನು ಕೈಯಿಂದ ಮುಟ್ಟದೆ ಚಮಚದ ಹಿಡಿಯಿಂದ ಐದೈದೇ ಸರಿಸಿದ. ಕೆಲಸ ಬಲ್ಲವನು ಎಂದು ಹತ್ತು ನಿಮಿಷದಲ್ಲೇ ಗೊತ್ತಾಯಿತು. ಇಂಥವನು ನಿಲ್ಲುತ್ತಾನೆ ಎಂದು ಸಂತೋಷವಾಯಿತು. ಇಂಥವನಿಗೆ ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸಿತು. ಎರಡೂ ಒಂದೇ ಹೊತ್ತಿಗೆ ಅನ್ನಿಸಿದವು.

“ನೀರು ಹೆಂಗೈತೆ ಸಾರ್ ಇಲ್ಲಿ?” ಎಂದು ಕೇಳಿದ.

“ಅಂಗಳದಾಗೇ ಬೋರಿಂಗ್ ಐತಲ್ಲ. ಬರಗಾಲದಾಗೂ ಬತ್ತಿಲ್ಲ.”

ಬಾಗಿಲ ಬಳಿ ಗುಡಿಸುತ್ತಿದ್ದ ಅಟೆಂಡರ್ ಪೊರಕೆ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಪಟ್ಟಿ ನೋಡುತ್ತಿದ್ದೆ. ಅವನು ಮತ್ತೆ ಗುಡಿಸಿದ.

ಸುಮ್ಮನಿದ್ದರೆ ಎಲ್ಲಿ ನೀರಿನ ಮಾತು ತಿರುಗಿ ಬರುತ್ತದೋ ಎಂದು ಎರಡು ದಿನ ನಾನು ಬಿಡದೆ ಮಾತಾಡಿದೆ. ಯಾವ ಅಜ್ಜಿ ಕಹಿ ಔಷಧಿಯನ್ನು ಗಿಡಕ್ಕೆ ಹುಯ್ಯುತ್ತಾಳೆ, ಯಾರಿಗೆ ಪೆನಿಸಿಲಿನ್ ಆಗುವುದಿಲ್ಲ, ಮೈದಾ ಅಂಟಿಗೆ ಮೈಲುತುತ್ತ ಹಾಕದಿದ್ದರೆ ಇರುವೆ ಮುತ್ತುತ್ತದೆ, ಡಾಕ್ಟರ ಅಕ್ಷರದಲ್ಲಿ ಎರಡಕ್ಕೂ ಏಳಕ್ಕೂ ಹೇಗೆ ವ್ಯತ್ಯಾಸ ಹಿಡಿಯಬೇಕು, ಹೀಗೆ ನೂರಾರು. ಅವನು ತಲೆಯಾಡಿಸುತ್ತಾ ಕೇಳಿಸಿಕೊಂಡ. ಪಟ್ಟಿಗೆ ಇಬ್ಬರೂ ಸಹಿ ಹಾಕಿದೆವು. ನನ್ನ ಸಹಿಯ ಮುಂದಿನ ಬಿ.ಫಾರ್ಮ್ ನೋಡಿ, “ಡಿಗ್ರಿ ಮಾಡಿದೋರು ಈ ಊರಾಗೆ ನಾಲ್ಕು ವರ್ಷ ಇದ್ರಲ್ಲ ಸಾರ್, ದೊಡ್ಡದು” ಅಂದ.

ಬಸ್ಸಿಗೆ ಕಳಿಸಲು ನನ್ನ ಹಾಸಿಗೆ ಸುರುಳಿಯನ್ನು ಅವನೇ ಹೆಗಲಿಗೇರಿಸಿಕೊಂಡು ಬಂದ. ಬೇಡವೆಂದರೂ ಕೇಳಲಿಲ್ಲ. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿದಾಗ ಕೇಳಿದ, “ಏನಾದ್ರೂ ಹೇಳೋದು ಮರ್ತಿದ್ರೆ ಈಗಾದ್ರೂ ಹೇಳಿ ಸಾರ್.”

ಬಸ್ಸು ಬಂದು ನಿಲ್ಲಲು ಎರಡು ನಿಮಿಷವಾದರೂ ಆಯಿತು. ನೀರಿನ ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಪಟ್ಟಿಗೆ ಸಹಿಯಾಗಿತ್ತು, ಬೀಗದ ಕೈ ಅವನ ಜೇಬಿನಲ್ಲಿತ್ತು. ಹೇಳಿದರೂ ನನಗೇನೂ ನಷ್ಟವಿರಲಿಲ್ಲ. ಆದರೂ, ಅವನು ಅಲ್ಲೇ ಕೀಲಿ ತೆಗೆದು ನನ್ನ ಕೈಗೆ ಹಾಕಿಬಿಟ್ಟರೆ ಎಂದು ಹೆದರಿದೆ.

“ಎಲ್ಲಾ ಹೇಳೀನಲ್ಲ” ಅಂದೆ. ಹತ್ತಿ ಕೂತೆ.

ಚನ್ನಗಿರಿಗೆ ಬಂದು ಒಂದು ತಿಂಗಳು ಆಗಿರಬೇಕು. ಒಂದು ಮಧ್ಯಾಹ್ನ ಔಷಧಿ ಕೊಡುವ ಕಿಟಕಿಯಲ್ಲಿ ಅಟೆಂಡರನ ಮುಖ ಕಾಣಿಸಿತು. ಚೀಟಿ ಹಿಡಿದವರ ಸಾಲಿನಲ್ಲೇ ನಿಂತು ಬಂದಿದ್ದ.

“ಏನಯ್ಯ, ಇಷ್ಟು ದೂರ?”

“ಹೊಸ ಕಂಪೌಂಡ್ರು ಕಳಿಸ್ಯಾರೆ. ನೋವಿನ ನೀರು ಕೆಂಪಗಾಗ್ತೈತೆ. ನೀವು ಹೆಂಗೆ ಮಾಡ್ತಿದ್ರಿ ಕೇಳ್ಕಂಡು ಬಾ ಅಂದ್ರು.”

ಹೊರಗೆ ಕರೆದುಕೊಂಡು ಹೋಗಿ ಕೂರಿಸಿದೆ. ಅವನು ಹೇಳಿದ್ದು ಇಷ್ಟು. ನಾನು ತುಂಬಿಸಿಟ್ಟ ಡ್ರಮ್ಮುಗಳು ಹತ್ತು ಹನ್ನೆರಡು ದಿನ ನಡೆದವು. ಮುಗಿದ ಮೇಲೆ ಹೊಸಬ ಬೋರಿಂಗ್ ಹೊಡೆದು ತುಂಬಿಕೊಂಡ. ಬೆಳಗ್ಗೆ ಮಾಡಿದ ಔಷಧಿ ಕೊಡುವಾಗ ತಿಳಿಯಾಗೇ ಇತ್ತು. ಸಂಜೆ ಉಳಿದದ್ದನ್ನು ಚೆಲ್ಲಿ ಜಾಡಿ ತೊಳೆದಿಡುವುದು ಅವನ ಶಿಸ್ತು, ಅದಕ್ಕೇ ಅವನ ಕಣ್ಣಿಗೆ ಬೀಳಲಿಲ್ಲ. ಕೆಂಪಾದದ್ದು ಜನರ ಮನೆಯಲ್ಲಿ, ಗೂಡಿನಲ್ಲಿಟ್ಟ ಬಾಟಲಿಗಳಲ್ಲಿ.

“ಎಮರ್ಜೆನ್ಸಿಯಾಗೆ ಆಪರೇಷನ್ ಮಾಡಾಕೆ ಜನಾನ ಹಿಡ್ಕಂಡು ಹೋಗ್ತಿದ್ದ ಭಯ ಇನ್ನೂ ಹೋಗಿಲ್ಲ ನೋಡ್ರಿ. ಮಕ್ಕಳಾಗದ ಔಷಧಿ ಬೆರಸ್ಯಾನೆ, ರಕ್ತ ತಿರುಗ್ಸೋ ಔಷಧಿ ಅಂತ ಹಬ್ಬಿಸಿದ್ರು. ಒಂದಿನ ಬೆಳಿಗ್ಗೆ ನೋಡಿದ್ರೆ ಮೆಟ್ಲ ತುಂಬ ಬಾಟ್ಲಿ ಸಾಲಾಗಿ ಇಟ್ಟಾರೆ. ಎಣ್ಣೆ ಬಾಟ್ಲಿ, ಬ್ರಾಂದಿ ಬಾಟ್ಲಿ, ಟಾನಿಕ್ ಬಾಟ್ಲಿ, ಎಲ್ಲಾ ಕೆಂಪು. ಒಬ್ಬ ಮುದುಕಿ ‘ಎಪ್ಪತ್ತು ವರ್ಷದ ನನಗೆ ಮಕ್ಕಳಾಗದಂಗೆ ಮಾಡಿ ಏನ್ ಸಿಗತೈತಲಾ ನಿನಗೆ’ ಅಂತ ಕೇಳಿದ್ಲು. ಎಲ್ಲಾರು ನಕ್ಕರು. ಹೊಸಬ್ರು ನಗಲಿಲ್ಲ. ಆಮೇಲೆ ಯಾರೋ ಕಲ್ಲು ಬೀಸಿದ್ರು. ಹಣೆಗೆ ಎರಡು ಹೊಲಿಗೆ ಬಿದ್ದಾವೆ.”

ಎದ್ದು ಅವನಿಗೆ ಒಂದು ಲೋಟ ನೀರು ತಂದುಕೊಟ್ಟೆ.

“ಮೇಲಿನೋರು ಬಂದು ಹೋದ್ರು. ಕಾಗದ ಪತ್ರ ನಡೀತೈತೆ. ನೀರಿಂದೇ ಏನೋ ಅಂತ ಹೊಸಬ್ರಿಗೆ ಅನುಮಾನ.” ಅಟೆಂಡರ್ ನನ್ನ ಮುಖವನ್ನೇ ನೋಡಿದ. “ನೀವು ಆ ಸೀನೀರು ತರ್ತಿದ್ದುದು ಕುಡಿಯಾಕಲ್ಲ, ಅಲ್ವೇನ್ರಿ?”

“ಔಷಧಿಗೆ. ಬೋರಿಂಗ್ ನೀರು ಆಗಲ್ಲ ಅಂತ ಹೇಳು.”

“ಅವ್ರಿಗೆ ನೀವು ಹೇಳಿರ್ಲಿಲ್ವಾ?”

ಕಿಟಕಿಯ ಹತ್ತಿರ ಜನ ಕಾಯುತ್ತಿದ್ದರು. ಈ ಊರಿನಲ್ಲಿ ಯಾರೋ ನನ್ನನ್ನು ‘ಫಾರ್ಮಸಿಸ್ಟ್ ಸಾರ್’ ಎಂದು ಕೂಗಿದರು. “ಹೇಳಿದ್ದೆ” ಅಂದೆ. “ಎರಡು ದಿನ ಅಷ್ಟೆಲ್ಲಾ ಹೇಳಿದ್ದೀನಿ. ಮರ್ತಿರಬೇಕು.”

ಅಟೆಂಡರ್ ಎದ್ದ. “ಹಂಗೇ ಹೇಳ್ತೀನಿ” ಅಂದ. ನಾನು ಊಟ ಮಾಡಿಕೊಂಡು ಹೋಗು ಎಂದು ಎರಡು ಸಲ ಕರೆದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಹದಿನೈದು ದಿನದ ಮೇಲೆ ಕಚೇರಿಯಿಂದ ಕಾಗದ ಬಂತು. ಚಾರ್ಜ್ ವಹಿಸಿಕೊಡುವಾಗ ನೀರಿನ ದೋಷದ ಬಗ್ಗೆ ತಾವು ಬದಲಿ ನೌಕರರಿಗೆ ತಿಳಿಸಿದ್ದಿರೇ? ಒಂದೇ ಪ್ರಶ್ನೆ. ಇಲ್ಲ ಎಂದು ಬರೆದರೆ ನಾಲ್ಕು ವರ್ಷ ಯಾಕೆ ವರದಿ ಮಾಡಲಿಲ್ಲ ಎಂಬುದೂ ಬರುತ್ತದೆ, ಈ ಜಾಗವೂ ಹೋಗಬಹುದು. ಎರಡು ದಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೆಂಡತಿಗೆ ತೋರಿಸಲಿಲ್ಲ. ಮೂರನೆಯ ದಿನ ಬರೆದೆ: ‘ಮೌಖಿಕವಾಗಿ ತಿಳಿಸಲಾಗಿದೆ.’ ಕೆಳಗೆ ಸಹಿ, ಅದರ ಮುಂದೆ ಬಿ.ಫಾರ್ಮ್. ಅಟೆಂಡರನನ್ನು ಯಾರೂ ಕೇಳಲಿಲ್ಲ, ಹೊಸಬನ ಮಾತಿಗೂ ನನ್ನ ಮಾತಿಗೂ ಬೇರೆ ಸಾಕ್ಷಿ ಇರಲಿಲ್ಲ. ಡಿಗ್ರಿಯವನ ಮಾತು ಗೆದ್ದಿತು. ಹೊಸಬನಿನ್ನೂ ಪ್ರೊಬೇಷನ್ನಿನಲ್ಲಿದ್ದ, ನಿರ್ಲಕ್ಷ್ಯ ಎಂದು ಬರೆದರಂತೆ. ಕೆಲವು ತಿಂಗಳಾದ ಮೇಲೆ ರಾಜೀನಾಮೆ ಕೊಟ್ಟ ಎಂದು ಕೇಳಿದೆ. ಆ ಊರಿಗೆ ಮತ್ತೆ ಬದಲಿ ಹುಡುಕತೊಡಗಿದರು.

ಎಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಹೊನ್ನಾಳಿಗೆ ಹಾಕಿದರು. ಒಮ್ಮೆ ನ್ಯಾಮತಿಗೆ ಹೋಗಿದ್ದೆ, ಅಲ್ಲಿಯ ಔಷಧಿ ದಾಸ್ತಾನು ನೋಡಿ ಬರುವ ಕೆಲಸ. ಬಸ್ಸು ತಡ ಎಂದರು. ಬಿಸಿಲು. ರಸ್ತೆ ಬದಿಯಲ್ಲಿ ಗೋಲಿ ಸೋಡಾ ತಯಾರಿಸುವ ಒಂದು ಮಳಿಗೆ ಇತ್ತು. ಒಳಗೆ ಒಬ್ಬಾತ ಬಣ್ಣದ ಸಕ್ಕರೆ ಪಾಕವನ್ನು ಗೆರೆ ಕೊರೆದ ಗ್ಲಾಸಿನಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅಳೆಯುತ್ತಿದ್ದ. ಸೋಡಾದವರು ಯಾರೂ ಹಾಗೆ ಅಳೆಯುವುದಿಲ್ಲ. ಗ್ಲಾಸಿನ ಗುರುತು ಮೊದಲು ಸಿಕ್ಕಿತು, ಹಣೆಯ ಮೇಲಿನ ಗೀರು ಆಮೇಲೆ.

ತಿರುಗಿ ಹೋಗಬಹುದಿತ್ತು. ಅಷ್ಟರಲ್ಲಿ ಅವನೇ ನೋಡಿದ.

“ಸಾರ್. ಬರ್ರಿ ಬರ್ರಿ, ಬಿಸ್ಲಾಗೆ ನಿಂತೀರಲ್ಲ.” ಒಳಗೆ ಬಾಟಲಿ ತೊಳೆಯುತ್ತಿದ್ದ ಹೆಂಗಸಿಗೆ ಹೇಳಿದ, “ಇವ್ರೇ ಕಣೇ ನಾನು ಹೇಳ್ತಿದ್ದ ಡಿಗ್ರಿ ಸಾರು.” ಆಕೆ ಸೆರಗು ಸರಿಮಾಡಿಕೊಂಡು ಕೈ ಮುಗಿದಳು.

ಒಂದು ಸೋಡಾ ಒಡೆದು ಕೊಟ್ಟ. “ಕುಡೀರಿ, ನೀರು ಚೊಲೋ ಐತೆ. ಈಗ ಎಲ್ಲಕ್ಕಿಂತ ಮುಂಚೆ ನೀರು ನೋಡ್ತೀನಿ.” ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಮತ್ತೆ ನೌಕರಿಗೆ ಪ್ರಯತ್ನ ಮಾಡ್ಲಿಲ್ವಾ?” ಎಂದೆ. “ಮೆಡಿಕಲ್ ಶಾಪಾದ್ರೂ ಹಾಕಬಹುದಿತ್ತು.”

“ಹಾಕಬಹುದಿತ್ತು ಸಾರ್. ನಮ್ಮ ಮಾವನೋರೂ ಹೇಳಿದ್ರು. ನನಗೇ ಧೈರ್ಯ ಬರ್ಲಿಲ್ಲ.” ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟ. “ನೀವು ನೀರಿನ ವಿಷಯ ಹೇಳಿದ್ದೆ ಅಂದ್ರಂತೆ. ಎಷ್ಟು ನೆನಪು ಮಾಡ್ಕಂಡ್ರೂ ನನಗೆ ಸಿಗಲಿಲ್ಲ. ಅಜ್ಜಿ ಗಿಡಕ್ಕೆ ಹುಯ್ಯೋದು ನೆನಪೈತೆ, ಮೈದಾ ಅಂಟಿಂದು ನೆನಪೈತೆ. ಇದೊಂದೇ ಇಲ್ಲ. ಅಷ್ಟು ಓದಿದೋರು ಸುಳ್ಳು ಯಾಕೆ ಹೇಳ್ತಾರೆ? ನನ್ನ ಕಿವಿನೇ ಎಲ್ಲೋ ಹೋಗಿತ್ತು ಅಂದ್ಕಂಡೆ. ಹೇಳಿದ್ದು ನೆನಪಿಲ್ದೋನು ಜನಕ್ಕೆ ಔಷಧಿ ಕೊಡಬಾರದು ಸಾರ್. ಇಲ್ಲಿ ತಪ್ಪಿದ್ರೆ ಸಿಹಿ ಹೆಚ್ಚು ಕಮ್ಮಿ ಆಗ್ತೈತೆ, ಅಷ್ಟೇ.”

ಸೋಡಾ ಕೈಯಲ್ಲೇ ಉಳಿಯಿತು.

“ನಾನು ಹೇಳಿರಲಿಲ್ಲ” ಅಂದೆ.

“ಹ್ಞಾ?”

“ನೀರಿನ ವಿಷಯ ನಿಮಗೆ ಹೇಳಿರಲಿಲ್ಲ. ಹೇಳಿದ್ರೆ ನೀವು ನಿಲ್ಲಲ್ಲ ಅಂತ ಬೇಕಂತಲೇ ಬಿಟ್ಟೆ. ಆಮೇಲೆ ಬರೆದುಕೊಟ್ಟಿದ್ದೂ ಸುಳ್ಳು.”

ಅವನು ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಟವೆಲ್ಲಿನಲ್ಲಿ ಕೈ ಒರೆಸಿಕೊಂಡ, ಒಣಗಿದ ಮೇಲೂ ಒರೆಸಿದ. “ಬಸ್‌ಸ್ಟ್ಯಾಂಡಿನಾಗೂ ಹೇಳ್ಲಿಲ್ಲ?”

“ಇಲ್ಲ.”

“ಒಂದು ಮಾತೂ?”

“ಇಲ್ಲ.”

ಒಳಗೆ ಬಾಟಲಿಯ ಸದ್ದು ನಿಂತಿತ್ತು. ಅವನು ಹೆಂಡತಿಯ ಕಡೆ ತಿರುಗಿ, ನನ್ನನ್ನು ಮರೆತವನ ಹಾಗೆ ಹೇಳಿದ, “ಕೇಳಿದ್ಯಾ? ನನ್ನ ಕಿವಿ ಸರಿಯಾಗೇ ಇತ್ತಂತೆ.” ಆಕೆ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. ನನ್ನನ್ನು ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ.

ಬೈಯಲಿ ಎಂದು ಕಾದೆ. ಅವನು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು, ಬಟ್ಟೆಯಿಂದ ಮೇಜು ಒರೆಸಿ, ನನ್ನ ಮುಂದಿಟ್ಟ.

“ಬರ್ದು ಕೊಡ್ತೀರಾ?”

“ಕಚೇರಿಗೇ ಬರೀತೀನಿ.”

“ಕಚೇರಿಗೆ ಬರಿಯೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ಮನೆಯಾಗೆ ಇಟ್ಕಳಾಕೆ.”

ನಿಂತುಕೊಂಡೇ ಬರೆದೆ. ಬೋರಿಂಗ್ ನೀರಿನಲ್ಲಿ ಕಬ್ಬಿಣವಿದೆಯೆಂದು ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಚಾರ್ಜ್ ಕೊಡುವಾಗ ಕೇಳಿದರೂ ಹೇಳಲಿಲ್ಲ. ತಿಳಿಸಿದ್ದೇನೆಂದು ಕಚೇರಿಗೆ ಬರೆದದ್ದು ಸುಳ್ಳು. ಇವರ ತಪ್ಪೇನೂ ಇಲ್ಲ. ನಾಲ್ಕು ಸಾಲು. ಸಹಿ ಹಾಕಿದೆ. ಹತ್ತು ಹನ್ನೆರಡು ವರ್ಷದಿಂದ ತಾನಾಗಿ ಮುಂದಕ್ಕೆ ಓಡುತ್ತಿದ್ದ ಕೈ ಹೆಸರು ಮುಗಿದಲ್ಲೇ ನಿಂತಿತು. ಹಾಳೆಯನ್ನು ಅವನ ಕಡೆ ಸರಿಸಿದೆ.

ಅವನು ಒಂದೊಂದು ಅಕ್ಷರವನ್ನೂ ಬಿಡದೆ ಓದಿದ, ಹಿಂದೆ ಚಾರ್ಜ್ ಪಟ್ಟಿ ಓದಿದ ಹಾಗೆಯೇ. ಕೊನೆಗೆ ಸಹಿಯ ಪಕ್ಕ ಬೆರಳಿಟ್ಟು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿದ.

“ಡಿಗ್ರಿ ಬಿಟ್ಟೀರಿ ಸಾರ್. ಅದನ್ನೂ ಬರೀರಿ. ಇಲ್ದಿದ್ರೆ ನಮ್ಮ ಮಾವನೋರು ನಂಬಲ್ಲ.”

ಬರೆದೆ.